ಈ ಬೆಳಕು ಯಾರದು?

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಸಭೆಯ ಹಿರಿಯರಿಗೂ, ಸಂಜೆಯ ಲೋಕಲ್ ರೈಲಿನ ನೂಕುನುಗ್ಗಲನ್ನು ದಾಟಿ ಬಂದ ಎಲ್ಲರಿಗೂ ನಮಸ್ಕಾರ. ಆಹ್ವಾನಪತ್ರದಲ್ಲಿ ‘ದ್ರಾವಣದಲ್ಲಿ ಆರೊಮ್ಯಾಟಿಕ್ ಪಾಲಿಮರ್‌ಗಳ ಪ್ರತಿದೀಪ್ತಿ’ ಎಂದು ಅಚ್ಚಾಗಿದೆ, ಅಂದರೆ ಬೆಂಜೀನ್‌ನಂಥ ಉಂಗುರಗಳಿರುವ ಉದ್ದನೆಯ ಸರಪಳಿ ಅಣುಗಳು ಬೆಳಕನ್ನು ಹೀರಿ ತಾವೇ ಬೇರೆ ಬೆಳಕನ್ನು ಬಿಡುವುದು. ಅದನ್ನು ಓದಿದ ಮೇಲೂ ಇಷ್ಟು ಜನ ಬಂದಿದ್ದೀರಿ ಎಂದರೆ ಒಂದೋ ನಿಮಗೆ ವಿಜ್ಞಾನದಲ್ಲಿ ಆಸಕ್ತಿಯಿದೆ, ಇಲ್ಲವೇ ಉಪನ್ಯಾಸದ ನಂತರದ ಕಾಫಿ–ಗೋಳಿಬಜೆಯ ಸುದ್ದಿ ಹಬ್ಬಿದೆ. ಎರಡೂ ಒಳ್ಳೆಯ ಕಾರಣಗಳೇ.

ಮೇಜಿನ ಮೇಲೆ ನಾಲ್ಕು ಗಾಜಿನ ಪಾತ್ರೆಗಳಿವೆ. ಮೊದಲನೆಯದರಲ್ಲಿ ಅಂಗಡಿಯಿಂದ ತಂದ ಟಾನಿಕ್ ವಾಟರ್. ಎರಡನೆಯದರಲ್ಲಿ ಸ್ಪಿರಿಟ್‌ನಲ್ಲಿ ಕದಡಿ ಸೋಸಿದ ಅರಿಶಿನ. ಮೂರನೆಯದರಲ್ಲಿ ಹೊನ್ನೆ ಮರದ ಲೋಟದಲ್ಲಿ ರಾತ್ರಿಯಿಡೀ ನಿಂತ ನೀರು. ಮಲೆನಾಡಿನ ಕಡೆಯವರು ಈ ಲೋಟವನ್ನು ಬಲ್ಲಿರಿ, ಸಕ್ಕರೆ ಕಾಯಿಲೆಯವರು ಅದರಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುವುದುಂಟು. ಅದರ ಔಷಧ ಗುಣದ ಬಗ್ಗೆ ನಾನು ಮಾತನಾಡುವುದಿಲ್ಲ, ಅದು ವೈದ್ಯರ ಕೆಲಸ. ನಾಲ್ಕನೆಯದು ಬಿಗಿಯಾಗಿ ಮುಚ್ಚಿದ ಸೀಸೆ. ಅದರಲ್ಲಿರುವುದು ದ್ರಾವಕವೊಂದರಲ್ಲಿ ಕರಗಿಸಿದ ಥರ್ಮೋಕೋಲ್ ಚೂರು.

ದಯವಿಟ್ಟು ದೀಪಗಳನ್ನು ಆರಿಸಿ. ಇದು ನೋಟು ಪರೀಕ್ಷಿಸಲು ಬಳಸುವ ನೇರಳಾತೀತ ಟಾರ್ಚ್. ಟಾನಿಕ್ ವಾಟರ್ ತಿಳಿನೀಲಿಯಾಗಿ ಹೊಳೆಯುತ್ತಿದೆ, ಅದು ಕ್ವಿನೈನ್. ಅರಿಶಿನ ಹಸಿರು ಬೆರೆತ ಹಳದಿಯಲ್ಲಿ ಹೊಳೆಯುತ್ತಿದೆ, ಅದು ಕರ್ಕ್ಯುಮಿನ್. ಹೊನ್ನೆಯ ನೀರಿನ ಅಂಚಿನಲ್ಲಿ ಮಂದವಾದ ನೀಲಿ. ಇಂಥದೇ ನೀಲಿಯನ್ನು ಮೆಕ್ಸಿಕೊದಿಂದ ಬಂದ ಮರವೊಂದನ್ನು ನೆನೆಸಿದ ನೀರಿನಲ್ಲಿ ಕಂಡು ಸ್ಪೇನಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್ 1565ರಲ್ಲಿ ಬರೆದಿಟ್ಟಿದ್ದಾರೆ. ನಾಲ್ಕನೆಯ ಸೀಸೆಯಲ್ಲಿ ಯಾವ ಹೊಳಪೂ ಇಲ್ಲ. ಆದರೆ ಮುಂದಿನ ಸಾಲಿನಲ್ಲಿ ಕುಳಿತವರ ಬಿಳಿ ಅಂಗಿಗಳು ನನ್ನ ಮೂರು ಪಾತ್ರೆಗಳಿಗಿಂತ ಜೋರಾಗಿ ಹೊಳೆಯುತ್ತಿವೆ! ಒಗೆಯುವ ಪುಡಿಯಲ್ಲಿ ಬೆರೆಸುವ ಸ್ಟಿಲ್‌ಬೀನ್ ಜಾತಿಯ ಬಣ್ಣಕಾರಕಗಳ ಕೆಲಸ ಅದು. ದೀಪ ಹಾಕಿ.

ಈ ಕ್ಷಣದಲ್ಲಿ ಕೋಣೆಯಲ್ಲಿ ಬೆಳಕು ಕಂಡಿತು ಎಂದಷ್ಟೇ ಹೇಳಿದರೆ ಅದು ಅರ್ಧ ಮಾತು. ಕಂಡ ಬೆಳಕು ಕ್ವಿನೈನ್‌ನದೋ, ಅಂಗಿಯದೋ, ಟಾರ್ಚ್‌ನಿಂದಲೇ ಸೋರಿದ ನೇರಳೆಯೋ? ನಾನು ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಪಾಲಿಮರ್‌ಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವನು. ಈ ವಿಷಯದಲ್ಲಿ ಕಷ್ಟವಾದದ್ದು ಬೆಳಕನ್ನು ಅಳೆಯುವುದಲ್ಲ, ಅಳೆದ ಬೆಳಕು ಯಾರದು ಎಂದು ಖಚಿತಪಡಿಸಿಕೊಳ್ಳುವುದು. ಇಂದು ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ಈ ಪ್ರಶ್ನೆಯನ್ನು ಬಹಳ ಸರಳವಾಗಿ ಬಿಡಿಸಿದರು. ಬಿಸಿಲನ್ನು ಚರ್ಚಿನ ಕಿಟಕಿಯ ನೀಲಿ ಗಾಜಿನ ಮೂಲಕ ಹಾಯಿಸಿದಾಗ ನೇರಳೆ ಮತ್ತು ಅದರಾಚೆಯ ಕಿರಣಗಳು ಉಳಿಯುತ್ತವೆ. ಅವು ಕ್ವಿನೈನ್ ದ್ರಾವಣದ ಮೇಲೆ ಬೀಳುತ್ತವೆ. ದ್ರಾವಣಕ್ಕೂ ಕಣ್ಣಿಗೂ ನಡುವೆ ಹಳದಿ ವೈನ್ ತುಂಬಿದ ಗ್ಲಾಸು. ಅದು ಮೊದಲಿನ ಕಿರಣಗಳನ್ನು ತಡೆಯುತ್ತದೆ. ಆದರೂ ಬೆಳಕು ಕಾಣುತ್ತದೆ ಎಂದರೆ ಆ ಬೆಳಕು ದ್ರಾವಣದಲ್ಲಿ ಹುಟ್ಟಿದ್ದು, ಬಿಸಿಲಿನಿಂದ ಸೋರಿ ಬಂದದ್ದಲ್ಲ. ಒಳಗೆ ಹೋದ ಬೆಳಕಿಗಿಂತ ಹೊರಗೆ ಬಂದ ಬೆಳಕಿನ ತರಂಗಾಂತರ ಹೆಚ್ಚು ಎಂಬ ನಿಯಮಕ್ಕೆ ಇಂದಿಗೂ ಅವರದೇ ಹೆಸರು. ಪ್ರತಿದೀಪ್ತಿಯನ್ನು ಅಳೆಯುವ ಇಂದಿನ ಲಕ್ಷಗಟ್ಟಲೆ ರೂಪಾಯಿಯ ಫ್ಲೂರೊಮೀಟರ್‌ನಲ್ಲಿಯೂ ತತ್ತ್ವ ಇದೇ: ಎರಡು ಸೋಸುವಿಕೆ, ನಡುವೆ ಮಾದರಿ. ವೈನ್ ಮಾತ್ರ ಇಲ್ಲ.

ಒಳಗೆ ನಡೆಯುವುದಿಷ್ಟು. ಅಣು ಬೆಳಕನ್ನು ಹೀರಿ ಉದ್ರಿಕ್ತ ಸ್ಥಿತಿಗೆ ಏರುತ್ತದೆ. ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಒಂದಷ್ಟು ಹೊತ್ತಿನಲ್ಲಿ ಹೆಚ್ಚುವರಿ ಕಂಪನವನ್ನು ಸುತ್ತಲಿನ ದ್ರಾವಕಕ್ಕೆ ಬಿಟ್ಟುಕೊಟ್ಟು ಉದ್ರಿಕ್ತ ಸ್ಥಿತಿಯ ಕೆಳಮೆಟ್ಟಿಲಿಗೆ ಇಳಿಯುತ್ತದೆ. ಅಲ್ಲಿ ಕೆಲವು ನ್ಯಾನೊಸೆಕೆಂಡುಗಳಿಂದ ಕೆಲವು ನೂರು ನ್ಯಾನೊಸೆಕೆಂಡುಗಳವರೆಗೆ ನಿಂತು, ಬೆಳಕು ಬಿಟ್ಟು ಮೊದಲಿನ ಸ್ಥಿತಿಗೆ ಮರಳುತ್ತದೆ. ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ. ನಮಗೆ ಅದು ಏನೂ ಅಲ್ಲ. ಅಣುವಿಗೆ ಅದು ತಿರುಗಲು, ಅಲೆಯಲು, ಪಕ್ಕದ ಅಣುವನ್ನು ಸೇರಲು, ಕೈಯಲ್ಲಿದ್ದ ಶಕ್ತಿಯನ್ನು ಇನ್ನೊಂದಕ್ಕೆ ದಾಟಿಸಲು ಧಾರಾಳವಾದ ಸಮಯ.

ಈಗ ನಾಲ್ಕನೆಯ ಸೀಸೆ. ಥರ್ಮೋಕೋಲ್ ಎಂದರೆ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನ್. ಗಣೇಶ ಚತುರ್ಥಿಯ ಮಖರಗಳಿಗೆ, ಅಂದರೆ ಮೂರ್ತಿ ಕೂರಿಸುವ ಅಲಂಕಾರದ ಮಂಟಪಗಳಿಗೆ, ಈ ನಗರ ಎಷ್ಟು ಥರ್ಮೋಕೋಲ್ ಬಳಸುತ್ತಿತ್ತು ಎಂಬುದು ದಾದರ್‌ನ ಅಂಗಡಿ ಸಾಲನ್ನು ಕಂಡವರಿಗೆ ಗೊತ್ತು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ನಿಷೇಧ ತಂದ ಮೇಲೆ ಕಾಗದ, ಬಟ್ಟೆಯ ಮಖರಗಳು ಬಂದವು. ಪರಿಸರದ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಆದರೆ ರಸಾಯನಶಾಸ್ತ್ರಜ್ಞನಿಗೆ ಪಾಲಿಸ್ಟೈರೀನ್‌ನಷ್ಟು ಅಚ್ಚುಕಟ್ಟಾದ ಪಾಠ ಬೇರೊಂದಿಲ್ಲ. ಇಂಗಾಲದ ಉದ್ದನೆಯ ಬೆನ್ನೆಲುಬು, ಅದರಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಬೆಂಜೀನ್ ಉಂಗುರ. ಒಂದು ಲಕ್ಷ ಅಣುತೂಕದ ಸರಪಳಿಯಲ್ಲಿ ಸುಮಾರು 960 ಉಂಗುರಗಳು. ಬೆಳಕನ್ನು ಹೀರುವುದೂ ಬಿಡುವುದೂ ಈ ಉಂಗುರಗಳೇ, ಬೆನ್ನೆಲುಬಿಗೆ ಅದರಲ್ಲಿ ಪಾತ್ರವಿಲ್ಲ.

ಟಾರ್ಚ್ ಹಾಕಿದಾಗ ಸೀಸೆ ಹೊಳೆಯದಿರಲು ಕಾರಣ ಸರಳ. ಒಂಟಿ ಬೆಂಜೀನ್ ಉಂಗುರ ಹೀರುವುದು 260 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು. ಈ ಟಾರ್ಚ್ ಕೊಡುವುದು 365. ಇನ್ನು ಅದು ಬಿಡುವ ಬೆಳಕೂ ನೇರಳಾತೀತವೇ, ನಮ್ಮ ಕಣ್ಣಿಗೆ ಕಾಣದು. ಯಂತ್ರಕ್ಕೆ ಕಾಣುತ್ತದೆ.

ಯಂತ್ರಕ್ಕೆ ಏನು ಕಾಣುತ್ತದೆ ಎಂಬಲ್ಲಿ ವಿಷಯ ಬಿಗಿಯಾಗುತ್ತದೆ. ಟಾಲೂಯೀನ್ ತೆಗೆದುಕೊಳ್ಳಿ. ಅದು ಒಂದೇ ಉಂಗುರದ ಪುಟ್ಟ ಅಣು. ಅದರ ತೆಳುವಾದ ದ್ರಾವಣ 285 ನ್ಯಾನೊಮೀಟರ್ ಸುತ್ತ ಬೆಳಕು ಬಿಡುತ್ತದೆ. ಅಷ್ಟೇ ತೆಳುವಾದ ಪಾಲಿಸ್ಟೈರೀನ್ ದ್ರಾವಣವನ್ನು ಇಟ್ಟರೆ ಯಂತ್ರ ಬರೆಯುವ ನಕ್ಷೆಯಲ್ಲಿ 285ರಲ್ಲಿ ಒಂದು ಸಣ್ಣ ಗುಡ್ಡ, 330ರ ಸುತ್ತ ಅಗಲವಾದ, ಏರಿಳಿತಗಳಿಲ್ಲದ ದೊಡ್ಡ ಗುಡ್ಡ. ಹೀರುವಿಕೆಯ ರೋಹಿತಗಳನ್ನು, ಅಂದರೆ ಯಾವ ತರಂಗಾಂತರದ ಬೆಳಕು ಎಷ್ಟು ಎಂದು ತೋರಿಸುವ ನಕ್ಷೆಗಳನ್ನು, ಪಕ್ಕಪಕ್ಕ ಇಟ್ಟರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಂದರೆ ಬೆಳಕನ್ನು ತೆಗೆದುಕೊಂಡದ್ದು ಒಂಟಿ ಉಂಗುರವೇ, ಬಿಟ್ಟದ್ದು ಬೇರೆ ಯಾರೋ. ಈ 330 ಯಾರದು?

ಇದಕ್ಕೆ ಕೀಲಿಕೈ 1954ರಲ್ಲಿಯೇ ಸಿಕ್ಕಿತ್ತು, ಪಾಲಿಮರ್‌ನಿಂದಲ್ಲ, ಪೈರೀನ್ ಎಂಬ ನಾಲ್ಕು ಉಂಗುರಗಳ ಅಣುವಿನಿಂದ. ಜರ್ಮನಿಯ ಥಿಯೊಡೋರ್ ಫರ್ಸ್ಟರ್ ಮತ್ತು ಕಾರ್ಲ್ ಕಾಸ್ಪರ್, ಪೈರೀನ್ ದ್ರಾವಣವನ್ನು ದಟ್ಟಗೊಳಿಸುತ್ತಾ ಹೋದಂತೆ 400ರ ಕೆಳಗಿನ ನೇರಳೆ ಹೊಳಪು ಕುಗ್ಗಿ 480ರ ಸುತ್ತ ಹಸಿರು ಬೆರೆತ ನೀಲಿ ಹೊಳಪು ಏಳುವುದನ್ನು ಕಂಡರು. ಉದ್ರಿಕ್ತವಾದ ಒಂದು ಪೈರೀನ್ ಉದ್ರಿಕ್ತವಲ್ಲದ ಇನ್ನೊಂದರ ಮೇಲೆ ಸಮಾನಾಂತರವಾಗಿ ಒರಗಿ, ನ್ಯಾನೊಮೀಟರ್‌ನ ಮೂರನೇ ಒಂದು ಭಾಗದಷ್ಟು ಅಂತರದಲ್ಲಿ ಜೋಡಿಯಾಗುತ್ತದೆ. ಈ ಜೋಡಿ ಉದ್ರಿಕ್ತ ಸ್ಥಿತಿಯಲ್ಲಿ ಮಾತ್ರ ಉಂಟು. ಬೆಳಕು ಬಿಟ್ಟ ಮರುಕ್ಷಣ ಎರಡೂ ಒಂದನ್ನೊಂದು ತಳ್ಳಿಕೊಂಡು ದೂರ ಹೋಗುತ್ತವೆ. ಹಾಗಾಗಿ ಹೀರುವಿಕೆಯಲ್ಲಿ ಅದರ ಸುಳಿವೇ ಇರುವುದಿಲ್ಲ. ಇದಕ್ಕೆ ಎಕ್ಸಿಮರ್ ಎಂಬ ಹೆಸರು ಕೆಲವು ವರ್ಷಗಳ ನಂತರ ಬಂತು. 1963ರಲ್ಲಿ ಯಾನಾರಿ, ಬೋವಿ ಮತ್ತು ಲಮ್ರಿ ಎಂಬ ಮೂವರು ಪಾಲಿಸ್ಟೈರೀನ್‌ನ 330ರ ಬೆಳಕು ಇಂಥ ಜೋಡಿಯದೇ ಎಂದು ತೋರಿಸಿದರು.

ಆದರೆ ಇಲ್ಲೊಂದು ತೊಡಕು ಇದೆ, ನನ್ನ ಮಟ್ಟಿಗೆ ಇಡೀ ವಿಷಯದ ಸೊಗಸು ಇರುವುದು ಅಲ್ಲಿ. ಪೈರೀನ್ ಜೋಡಿಯಾಗಲು ದ್ರಾವಣ ದಟ್ಟವಿರಬೇಕು. ಟಾಲೂಯೀನ್‌ನಲ್ಲಿ ಎಕ್ಸಿಮರ್ ಕಾಣಬೇಕಾದರಂತೂ ಹೆಚ್ಚುಕಡಿಮೆ ಶುದ್ಧ ದ್ರವವೇ ಬೇಕು. ತೆಳು ಮಾಡಿದರೆ ಜೋಡಿ ಮಾಯ. ಪಾಲಿಸ್ಟೈರೀನ್ ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿ, ನೂರು ಪಟ್ಟು ಮಾಡಿ, ಒಟ್ಟು ಬೆಳಕು ಕಡಿಮೆಯಾಗುತ್ತದೆ. 285 ಮತ್ತು 330ರ ನಡುವಿನ ಅನುಪಾತ ಮಾತ್ರ ಕದಲುವುದಿಲ್ಲ. ಏಕೆಂದರೆ ನಾವು ತೆಳು ಮಾಡುತ್ತಿರುವುದು ಸರಪಳಿಗಳ ನಡುವಿನ ಜಾಗವನ್ನು, ಸರಪಳಿಯ ಒಳಗನ್ನಲ್ಲ. ಮುಂಬಯಿಯನ್ನು ಪಾಲ್ಘರ್‌ವರೆಗೆ ಎಳೆದು ಹಿಗ್ಗಿಸಿದರೂ ಗಿರಗಾಂವ್‌ನ ಚಾಳಿನಲ್ಲಿ ಎರಡನೇ ಖೋಲಿಗೂ ಮೂರನೇ ಖೋಲಿಗೂ ನಡುವಿನ ಗೋಡೆ ಅಷ್ಟೇ ದಪ್ಪ ಇರುತ್ತದೆ. ಸರಪಳಿಯ ಸುರುಳಿಯೊಳಗೆ ಲೆಕ್ಕ ಹಾಕಿದರೆ ಲೀಟರಿಗೆ ಹತ್ತಾರು ಗ್ರಾಂ ಪಾಲಿಮರ್ ಸದಾ ಇದ್ದೇ ಇರುತ್ತದೆ. ಬಾಟಲಿಯ ಮೇಲಿನ ಚೀಟಿ ಏನು ಹೇಳಿದರೂ ಉಂಗುರಕ್ಕೆ ಗೊತ್ತಿರುವ ಸಾಂದ್ರತೆ ಅದರ ನೆರೆಹೊರೆಯದು ಮಾತ್ರ.

ಹಾಗಾದರೆ ಯಾವ ನೆರೆ? 1965ರಲ್ಲಿ ಹಿರಾಯಾಮಾ ಎಂಬ ವಿಜ್ಞಾನಿ ಎರಡು ಬೆಂಜೀನ್ ಉಂಗುರಗಳನ್ನು ಬೇರೆಬೇರೆ ಉದ್ದದ ಇಂಗಾಲದ ಕೊಂಡಿಗಳಿಂದ ಜೋಡಿಸಿದ ಅಣುಗಳನ್ನು ಸಾಲಾಗಿ ಪರೀಕ್ಷಿಸಿದರು. ನಡುವೆ ಸರಿಯಾಗಿ ಮೂರು ಇಂಗಾಲಗಳಿದ್ದಾಗ ಮಾತ್ರ ಎಕ್ಸಿಮರ್ ಕಂಡಿತು. ಎರಡಿದ್ದರೆ ಉಂಗುರಗಳು ಒಂದರ ಮುಖಕ್ಕೊಂದು ಬರಲಾರವು. ನಾಲ್ಕು, ಐದು, ಆರು ಇದ್ದರೆ ಕೊಂಡಿ ಬೇಕಾದಂತೆ ಬಾಗುವ ಹೊತ್ತಿಗೆ ಬೆಳಕು ಬಿಟ್ಟಾಗಿರುತ್ತದೆ. ಪಾಲಿಸ್ಟೈರೀನ್‌ನಲ್ಲಿ ಪಕ್ಕಪಕ್ಕದ ಉಂಗುರಗಳ ನಡುವೆ ಇರುವುದೂ ಮೂರೇ ಇಂಗಾಲ. ನಿಸರ್ಗ ಹೀಗೆ ಕೈಗೆ ಸಿಕ್ಕಿಬೀಳುವುದು ಅಪರೂಪ.

ಇದನ್ನು ಬೇರೆ ದಾರಿಗಳಿಂದಲೂ ಪರೀಕ್ಷಿಸಬಹುದು. ಪಾಲಿಸ್ಟೈರೀನ್‌ನ ಕೊಂಡಿಯಾದ ಸ್ಟೈರೀನ್ ಮತ್ತು ಉಂಗುರವಿಲ್ಲದ ಮೀಥೈಲ್ ಮೆಥಾಕ್ರಿಲೇಟ್ ಒಂದು ಬಿಟ್ಟು ಒಂದು ಬರುವಂತೆ ಹೆಣೆದ ಸರಪಳಿಯಲ್ಲಿ ಉಂಗುರದ ಪಕ್ಕದ ಮನೆಯಲ್ಲಿ ಉಂಗುರವಿಲ್ಲ, 330ರ ಗುಡ್ಡ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಉಂಗುರಗಳೆಲ್ಲ ಒಂದೇ ಬದಿಗೆ ಜೋಡಿಸಿಕೊಂಡ ಐಸೊಟ್ಯಾಕ್ಟಿಕ್ ಪಾಲಿಸ್ಟೈರೀನ್‌ನಲ್ಲಿ ಅದೇ ಗುಡ್ಡ ಸಾಮಾನ್ಯ ಪಾಲಿಸ್ಟೈರೀನ್‌ಗಿಂತ ಎತ್ತರ. ದ್ರಾವಣವನ್ನು ದ್ರವ ಸಾರಜನಕದಲ್ಲಿ, ಅಂದರೆ 77 ಕೆಲ್ವಿನ್‌ನಲ್ಲಿ ಗಾಜಿನಂತೆ ಗಟ್ಟಿಯಾಗಿಸಿ ನೋಡಿದರೆ ಬೆನ್ನೆಲುಬು ತಿರುಗಲಾರದು, ಆಗ ಉಳಿಯುವುದು ಒಂಟಿ ಉಂಗುರದ ಬೆಳಕು.

ಇಷ್ಟಾದರೂ ಒಂದು ಲೆಕ್ಕ ತಾಳೆಯಾಗುವುದಿಲ್ಲ. ಬೆಳಕು ಬಿದ್ದ ಉಂಗುರದ ಪಕ್ಕದವನು ಸರಿಯಾದ ಭಂಗಿಯಲ್ಲಿರುವ ಸಂಭವ ಕಡಿಮೆ. ಹಾಗಿದ್ದೂ ಎಕ್ಸಿಮರ್ ಬೆಳಕು ಅಷ್ಟು ಜೋರು. ಅದೂ ಅಲ್ಲದೆ ಸರಪಳಿ ಉದ್ದವಾದಂತೆ ಅದರ ಪಾಲು ಹೆಚ್ಚಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಪಕ್ಕದವರಷ್ಟೇ ಮುಖ್ಯವಾಗಿದ್ದರೆ ಸರಪಳಿಯ ಉದ್ದ ಏಕೆ ಲೆಕ್ಕಕ್ಕೆ ಬರಬೇಕು? ಉತ್ತರ: ಶಕ್ತಿ ಹೀರಿದ ಜಾಗದಲ್ಲಿಯೇ ಕೂರುವುದಿಲ್ಲ. ಒಂದು ಉಂಗುರದಿಂದ ಇನ್ನೊಂದಕ್ಕೆ ಜಿಗಿಯುತ್ತಾ ಸರಪಳಿಯುದ್ದಕ್ಕೂ ಅಲೆದು, ಎಲ್ಲೋ ಆಗಲೇ ಜೋಡಿಯಾಗಲು ಸಿದ್ಧವಾಗಿ ನಿಂತ ಎರಡು ಉಂಗುರಗಳ ಬಳಿ ಸಿಕ್ಕಿಕೊಳ್ಳುತ್ತದೆ. ಅಲೆದಾಟದ ಪಾಲೆಷ್ಟು, ಉಂಗುರಗಳ ತಿರುಗಾಟದ ಪಾಲೆಷ್ಟು ಎಂಬುದರ ಮೇಲೆ ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ವಿಜ್ಞಾನಿಗಳು ಸಾಕಷ್ಟು ವಾದ ಮಾಡಿದ್ದಾರೆ. ಒಂದೇ ಉತ್ತರ ಎಲ್ಲ ಪಾಲಿಮರ್‌ಗಳಿಗೂ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೆಂಜೀನ್ ಉಂಗುರದ ಬದಲು ಕಾರ್ಬಜೋಲ್ ಎಂಬ ಮೂರು ಉಂಗುರಗಳ ಗುಂಪಿರುವ ಪಾಲಿವಿನೈಲ್ ಕಾರ್ಬಜೋಲ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದರಲ್ಲಿ ಎಕ್ಸಿಮರ್ ಒಂದಲ್ಲ, ಎರಡು. ಉಂಗುರಗಳು ಪೂರ್ತಿ ಮುಖಾಮುಖಿಯಾದದ್ದು 420ರ ಸುತ್ತ, ಅರೆಬರೆ ಒರಗಿಕೊಂಡದ್ದು 370ರ ಸುತ್ತ ಬೆಳಗುತ್ತವೆ. ಒಂಟಿ ಕಾರ್ಬಜೋಲ್‌ನ ಬೆಳಕನ್ನು ಹುಡುಕಬೇಕು. ವಿದ್ಯುದಾವೇಶವನ್ನೂ ದಾಟಿಸುವ ಈ ಪಾಲಿಮರನ್ನು 1970ರಲ್ಲಿ ಐಬಿಎಂ ಕಂಪನಿ ತನ್ನ ಮೊದಲ ನಕಲು ಯಂತ್ರದಲ್ಲಿ ಬೆಳಕಿಗೆ ಸ್ಪಂದಿಸುವ ಪದರವಾಗಿ ಬಳಸಿತು. ಫೋರ್ಟ್ ಪ್ರದೇಶದ ಜೆರಾಕ್ಸ್ ಅಂಗಡಿಗಳ ಪೂರ್ವಜ ಎನ್ನಿ.

ಇನ್ನು ಸುಳ್ಳು ಬೆಳಕುಗಳ ವಿಷಯ, ಬೆಳಕನ್ನು ನುಂಗುವವರ ವಿಷಯ. ಟಾನಿಕ್ ವಾಟರ್‌ಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕುತ್ತೇನೆ. ಮತ್ತೆ ದೀಪ ಆರಿಸಿ, ಟಾರ್ಚ್ ಹಾಕುತ್ತೇನೆ. ನೋಡಿ, ಹೊಳಪು ಕುಗ್ಗಿತು. ಕ್ವಿನೈನ್ ಅಲ್ಲೇ ಇದೆ, ಎಲ್ಲಿಯೂ ಹೋಗಿಲ್ಲ. ಉಪ್ಪಿನ ಕ್ಲೋರೈಡ್ ಅಯಾನು ಅದಕ್ಕೆ ತಾಗಿ ಶಕ್ತಿಯನ್ನು ಕಸಿದುಕೊಳ್ಳುತ್ತಿದೆ. ಆರೊಮ್ಯಾಟಿಕ್ ಪಾಲಿಮರ್‌ಗಳಿಗೆ ಇದೇ ಕಾಟ ಕೊಡುವುದು ನಾವು ಉಸಿರಾಡುವ ಆಮ್ಲಜನಕ. ಗಾಳಿಗೆ ತೆರೆದಿಟ್ಟ ಸೈಕ್ಲೊಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗಿದ ಆಮ್ಲಜನಕ ಅಲ್ಪ. ಆದರೂ ಗಾಳಿ ತೆಗೆದ ದ್ರಾವಣದಲ್ಲಿ 400 ನ್ಯಾನೊಸೆಕೆಂಡ್‌ಗೂ ಮೀರಿ ಬಾಳುವ ಪೈರೀನ್‌ನ ಉದ್ರಿಕ್ತ ಸ್ಥಿತಿ ಗಾಳಿಯಿದ್ದಾಗ 20ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಅಳತೆಗೆ ಮೊದಲು ಸಾರಜನಕ ಹಾಯಿಸಬೇಕು, ಇಲ್ಲವೇ ಹೆಪ್ಪುಗಟ್ಟಿಸಿ, ನಿರ್ವಾತಗೊಳಿಸಿ, ಕರಗಿಸಿ, ಮತ್ತೆ ಅದನ್ನೇ ಮಾಡಬೇಕು. ಬೇಸರದ ಕೆಲಸ. ಅದನ್ನು ಬಿಟ್ಟವನ ಅಂಕಿಗಳನ್ನು ನಾನು ನಂಬುವುದಿಲ್ಲ.

ದ್ರಾವಕದ ಆಯ್ಕೆಯೂ ಹೀಗೆಯೇ. ಪಾಲಿಸ್ಟೈರೀನ್ ಚೆನ್ನಾಗಿ ಕರಗುವುದು ಟಾಲೂಯೀನ್‌ನಲ್ಲಿ, ಆದರೆ ಟಾಲೂಯೀನ್ ತಾನೇ ಆ ಬೆಳಕನ್ನೆಲ್ಲ ನುಂಗುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡ್ ಹೊಳಪನ್ನು ಆರಿಸುತ್ತದೆ. ಟೆಟ್ರಾಹೈಡ್ರೊಫ್ಯುರಾನ್ ಕೊಳ್ಳುವಾಗ ಅದರಲ್ಲಿ ಕೆಡದಂತೆ ಬೆರೆಸಿದ ಸ್ಥಿರಕಾರಿ ಇರುತ್ತದೆ, ಅದೂ ಬೆಂಜೀನ್ ಉಂಗುರವಿರುವ ಪದಾರ್ಥ. ಇನ್ನು ಪ್ರಯೋಗಾಲಯಗಳಲ್ಲಿ ಸಿಗುವ ಅಗ್ಗದ, ಬಳಸಿ ಬಿಸಾಡುವ ಕ್ಯೂವೆಟ್‌ಗಳು, ಅಂದರೆ ದ್ರಾವಣ ತುಂಬಿ ಯಂತ್ರದೊಳಗಿಡುವ ಪುಟ್ಟ ಪಾತ್ರೆಗಳು, ಯಾವುದರಿಂದ ಮಾಡಿದ್ದು ಗೊತ್ತೇ? ಪಾಲಿಸ್ಟೈರೀನ್‌ನಿಂದ! ಮಾಮೂಲಿ ಗಾಜೂ 260ನ್ನು ಒಳಗೆ ಬಿಡುವುದಿಲ್ಲ. ಕ್ವಾರ್ಟ್ಜ್ ಬೇಕು, ಅದು ದುಬಾರಿ, ಕೈಜಾರಿದರೆ ಆ ತಿಂಗಳ ಬಜೆಟ್ ಮುಗಿಯಿತು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಸುಳ್ಳು ಬೆಳಕು ಒಂದಿದೆ, ಅದಕ್ಕೆ ನಮ್ಮ ನಗರದ ಬಂದರಿನ ನಂಟೂ ಉಂಟು. 1921ರಲ್ಲಿ ಚಂದ್ರಶೇಖರ ವೆಂಕಟ ರಾಮನ್ ಇಂಗ್ಲೆಂಡಿನಿಂದ ‘ನರ್ಕುಂಡಾ’ ಎಂಬ ಹಡಗಿನಲ್ಲಿ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳು ಚದುರಿಸಿದ ಬೆಳಕು ಎಂಬ ಪತ್ರವನ್ನು ‘ನೇಚರ್’ ಪತ್ರಿಕೆಗೆ ಬರೆದರು. ಅದರ ಕೆಳಗೆ ಹಾಕಿದ ವಿಳಾಸ ಬಾಂಬೆ ಬಂದರು, ತಾರೀಖು ಸೆಪ್ಟೆಂಬರ್ 26. ನಂತರ ಕಲ್ಕತ್ತೆಯಲ್ಲಿ ಪ್ರಯೋಗಗಳು ಮುಂದುವರಿದವು. 1923ರಲ್ಲಿ ಅವರ ಶಿಷ್ಯ ರಾಮನಾಥನ್, ದ್ರವಗಳು ಚದುರಿಸಿದ ಬೆಳಕಿನಲ್ಲಿ ಬಣ್ಣ ಬದಲಾದ ಒಂದು ಕ್ಷೀಣ ಅಂಶವನ್ನು ಕಂಡರು. ಅದು ಕಲ್ಮಶದಿಂದ ಬಂದ ದುರ್ಬಲ ಪ್ರತಿದೀಪ್ತಿ ಇರಬಹುದೆಂಬುದು ಮೊದಲ ಗುಮಾನಿ. ದ್ರವವನ್ನು ಮತ್ತೆ ಮತ್ತೆ ಶುದ್ಧಿಗೊಳಿಸಿದರೂ ಅದು ಹೋಗಲಿಲ್ಲ. 1928ರ ಫೆಬ್ರವರಿ 28ರ ಹೊತ್ತಿಗೆ ಅದು ಪ್ರತಿದೀಪ್ತಿಯೇ ಅಲ್ಲ, ಹೊಸ ಬಗೆಯ ಚದುರುವಿಕೆ ಎಂಬುದು ಖಚಿತವಾಗಿತ್ತು. ಈ ಬೆಳಕು ಯಾರದು ಎಂಬ ಪ್ರಶ್ನೆಗೆ ನೊಬೆಲ್ ಬಂದ ಕಥೆಯಿದು.

ಇಂದು ನಮ್ಮ ಕೆಲಸದಲ್ಲಿ ಅದೇ ರಾಮನ್ ಬೆಳಕು ತಲೆನೋವು. ಸೈಕ್ಲೊಹೆಕ್ಸೇನ್‌ನ ಇಂಗಾಲ–ಜಲಜನಕ ಬಂಧದ ಕಂಪನ ಸೆಂಟಿಮೀಟರಿಗೆ ಸುಮಾರು 2900 ತರಂಗಗಳಷ್ಟು. 260 ನ್ಯಾನೊಮೀಟರ್ ಬೆಳಕು ಹಾಕಿದರೆ ದ್ರಾವಕದ ರಾಮನ್ ಗೆರೆ ಬೀಳುವುದು 281ರಲ್ಲಿ. ಪಾಲಿಸ್ಟೈರೀನ್‌ನ ಒಂಟಿ ಉಂಗುರ ಬೆಳಗುವುದು 285ರಲ್ಲಿ! ಎರಡೂ ಒಂದರ ಮೇಲೊಂದು ಕೂತು, ಒಂಟಿ ಉಂಗುರಗಳು ನಿಜಕ್ಕಿಂತ ಹೆಚ್ಚಿವೆ ಎಂಬ ಭ್ರಮೆ ಹುಟ್ಟಿಸುತ್ತವೆ. ಬಿಡಿಸುವ ದಾರಿ ಸುಲಭ. ಹಾಕುವ ಬೆಳಕನ್ನು 250ಕ್ಕೆ ಬದಲಿಸಿ. ರಾಮನ್ ಗೆರೆ ಬಾಲ ಹಿಡಿದು 270ರ ಹತ್ತಿರಕ್ಕೆ ಬರುತ್ತದೆ, ಪ್ರತಿದೀಪ್ತಿ ಇದ್ದಲ್ಲೇ ಇರುತ್ತದೆ. ಜೊತೆಗೆ ಬರೀ ದ್ರಾವಕದ ರೋಹಿತ ತೆಗೆದು ಕಳೆಯಬೇಕು. ಪಾಲಿಮರ್ ಹೊಳಪು ದುರ್ಬಲವಾಗಿದ್ದಷ್ಟೂ ಈ ಎಚ್ಚರ ಹೆಚ್ಚಿರಬೇಕು.

ದ್ರಾವಣದಲ್ಲಿ ಸರಪಳಿಯ ಚಲನೆಯನ್ನು ಅಳೆಯಲು ಈ ಎಕ್ಸಿಮರ್ ಬೆಳಕನ್ನೇ ಗಡಿಯಾರವಾಗಿ ಬಳಸಿದವರಿದ್ದಾರೆ. ಟೊರೊಂಟೊದ ಮಿಚೆಲ್ ವಿನ್ನಿಕ್ ಮತ್ತು ಜೊತೆಗಾರರು 1980ರಲ್ಲಿ ಪಾಲಿಸ್ಟೈರೀನ್ ಸರಪಳಿಯ ಎರಡು ತುದಿಗಳಿಗೂ ಪೈರೀನ್ ಕಟ್ಟಿದರು. ಪೈರೀನ್‌ಗೆ ಹಾಕುವ ಬೆಳಕನ್ನು ಬೆಂಜೀನ್ ಉಂಗುರಗಳು ಹೀರುವುದಿಲ್ಲ, ಹಾಗಾಗಿ ಸರಪಳಿಯ ಉಳಿದ ಭಾಗ ಮೌನ. ಎರಡು ತುದಿಗಳು ಭೇಟಿಯಾದರೆ ಮಾತ್ರ 480ರ ಬೆಳಕು. ಅದರ ಪ್ರಮಾಣದಿಂದ ತುದಿಗಳು ಎಷ್ಟು ಬೇಗ ಕೂಡುತ್ತವೆ ಎಂದು ತಿಳಿಯಬಹುದು. ಸೈಕ್ಲೊಹೆಕ್ಸೇನ್ ಇಲ್ಲಿ ಮತ್ತೆ ಬರುತ್ತದೆ. 34.5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಮೇ ತಿಂಗಳ ಮುಂಬಯಿಯ ಮಧ್ಯಾಹ್ನದಲ್ಲಿ, ಪಾಲಿಸ್ಟೈರೀನ್ ಸರಪಳಿ ಅದರಲ್ಲಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಸಿದ್ಧಾಂತದ ಲೆಕ್ಕಗಳಿಗೆ ಅತ್ಯಂತ ಸಲೀಸಾದ ಬಿಂದು ಅದು.

ಆದರೆ ಇಲ್ಲಿಯೂ ಒಂದು ಮೋಸ ಇರಬಹುದು. ಎರಡು ಪೈರೀನ್‌ಗಳು ಬೆಳಕು ಬೀಳುವ ಮೊದಲೇ ಅಂಟಿಕೊಂಡಿದ್ದರೆ, ಅದರಲ್ಲೂ ನೀರಿನಂಥ ದ್ರಾವಕದಲ್ಲಿ, 480ರ ಬೆಳಕು ಬರುತ್ತದೆ, ಭೇಟಿಯ ವೇಗವನ್ನು ಮಾತ್ರ ಹೇಳುವುದಿಲ್ಲ. ಬಣ್ಣವೊಂದನ್ನೇ ನೋಡಿದರೆ ಎರಡಕ್ಕೂ ವ್ಯತ್ಯಾಸವಿಲ್ಲ. ಕಾಲವನ್ನು ನೋಡಬೇಕು. ಅಲೆದು ಬಂದು ಕೂಡಿದ ಜೋಡಿಯ ಬೆಳಕು ಶೂನ್ಯದಿಂದ ನಿಧಾನವಾಗಿ ಏರಿ ಇಳಿಯುತ್ತದೆ. ಮೊದಲೇ ಅಂಟಿದ್ದ ಜೋಡಿ ಮಿಂಚು ಬಿದ್ದ ಕೂಡಲೇ ಬೆಳಗುತ್ತದೆ. ಬೆಳಕು ಯಾರದು ಎಂಬುದಕ್ಕೆ ಯಾವಾಗ ಬಂತು ಎಂಬುದೂ ಸಾಕ್ಷಿ.

ಬೆನ್ನೆಲುಬೇ ಉಂಗುರಗಳಿಂದ ಆದ ಪಾಲಿಮರ್‌ಗಳ ಬಗ್ಗೆ ಹೆಚ್ಚು ಹೇಳಲು ಸಮಯವಿಲ್ಲ, ಅದಕ್ಕೆ ಇನ್ನೊಂದು ಸಂಜೆ ಬೇಕು. ಪಾಲಿಫೀನಿಲೀನ್ ವಿನಿಲೀನ್‌ನಿಂದ ವಿದ್ಯುತ್ ಹಾಯಿಸಿ ಬೆಳಕು ತೆಗೆದದ್ದು 1990ರಲ್ಲಿ, ಕೇಂಬ್ರಿಜ್‌ನಲ್ಲಿ. ವಿದ್ಯುತ್ ಹರಿಯುವ ಪಾಲಿಮರ್‌ಗಳಿಗೆ 2000ದಲ್ಲಿ ನೊಬೆಲ್ ಬಂತು. ಇಲ್ಲಿ ಶಕ್ತಿಯ ಅಲೆದಾಟ ಪಾಲಿಸ್ಟೈರೀನ್‌ಗಿಂತ ಎಷ್ಟೋ ಸಲೀಸು. ಅಮೆರಿಕದ ತಿಮೋಥಿ ಸ್ವೇಗರ್ ಅದನ್ನೇ ಬಳಸಿಕೊಂಡರು. ಸರಪಳಿಯ ಒಂದು ಜಾಗಕ್ಕೆ ಟಿಎನ್‌ಟಿಯ ಒಂದು ಅಣು ಬಂದು ಕೂತರೆ ಅತ್ತ ಅಲೆದು ಬಂದ ಶಕ್ತಿಯೆಲ್ಲ ಅಲ್ಲಿ ಆರಿ, ಸರಪಳಿಯ ದೊಡ್ಡ ಭಾಗವೇ ಕತ್ತಲಾಗುತ್ತದೆ. ಸ್ಫೋಟಕದ ಆವಿಯನ್ನು ಮೂಸಿ ಹಿಡಿಯುವ ಉಪಕರಣಗಳು ಇದರಿಂದ ಹುಟ್ಟಿದವು.

ಇದೇ ಜಾತಿಯ ಪಾಲಿಫ್ಲೋರೀನ್‌ನ ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಅದು ಚಂದದ ನೀಲಿ ಬೆಳಕು ಬಿಡುತ್ತದೆ. ಬಳಸುತ್ತಾ ಹೋದಂತೆ ಹಸಿರು ಬೆರೆಯುತ್ತದೆ. ಅಗಲವಾದ, ಏರಿಳಿತವಿಲ್ಲದ, ಉದ್ದ ತರಂಗಾಂತರದ ಗುಡ್ಡ. ಇದು ಎಕ್ಸಿಮರ್ ಇರಬೇಕು ಎಂದೇ ಬಹಳ ಕಾಲ ನಂಬಲಾಗಿತ್ತು. ನಾನು ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ನೀವೂ ಹಾಗೆಯೇ ಹೇಳುತ್ತಿದ್ದಿರಿ. 2002ರ ಸುಮಾರಿಗೆ ಆಸ್ಟ್ರಿಯಾ, ಜರ್ಮನಿಯ ಗುಂಪುಗಳು ತೋರಿಸಿದ್ದು ಬೇರೆ. ಸರಪಳಿಯ ಕೆಲವು ಕೊಂಡಿಗಳು ಆಮ್ಲಜನಕದೊಡನೆ ಸೇರಿ ಫ್ಲೋರಿನೋನ್ ಆಗಿದ್ದವು. ಕೊಂಡಿಗಳು ಕೆಲವೇ, ಆದರೆ ಅಲೆಯುವ ಶಕ್ತಿ ಅವನ್ನು ಹುಡುಕಿಕೊಂಡು ಹೋಗಿ ಅಲ್ಲಿಂದ ಹಸಿರಾಗಿ ಹೊರಬರುತ್ತಿತ್ತು. ಎಕ್ಸಿಮರ್‌ನ ಚಹರೆಯಿದ್ದ ಮಾತ್ರಕ್ಕೆ ಎಕ್ಸಿಮರ್ ಆಗಬೇಕಿಲ್ಲ.

ಇನ್ನು ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: “ಬಿಸಿಲಿಗಿಟ್ಟ ಥರ್ಮೋಕೋಲ್ ಹಳದಿಯಾಗುತ್ತದಲ್ಲ, ಅದಕ್ಕೂ ನೀವು ಹೇಳಿದ್ದಕ್ಕೂ ಸಂಬಂಧವಿದೆಯೇ?”

ಇದೆ, ಸ್ವಾಮಿ. ಶುದ್ಧ ಪಾಲಿಸ್ಟೈರೀನ್ ನೆಲಕ್ಕೆ ತಲುಪುವ ಬಿಸಿಲನ್ನು ಹೀರುವುದೇ ಇಲ್ಲ ಎನ್ನಬಹುದು. ತಯಾರಿಕೆಯಲ್ಲಿ ಉಳಿದ ಕಲ್ಮಶಗಳು, ಆಮ್ಲಜನಕ ಸೇರಿದ ಕೊಂಡಿಗಳು ಹೀರುತ್ತವೆ. ಅಲ್ಲಿಂದ ಕೊಳೆತ ಶುರುವಾಗಿ ಹಳದಿ ಬಣ್ಣದ ಪದಾರ್ಥಗಳು ಹುಟ್ಟುತ್ತವೆ. ಇಂಥ ಹಳೆಯ ಚೂರನ್ನು ಕರಗಿಸಿ ನೋಡಿದರೆ 330ರ ಗುಡ್ಡ ಕುಗ್ಗಿ 400ರ ಆಚೆ ಹೊಸ ಬೆಳಕು ಕಾಣಿಸುತ್ತದೆ. ನೋಟು ಪರೀಕ್ಷೆಯ ಟಾರ್ಚ್‌ಗೆ ಹೊಳೆಯುವುದೇನಾದರೂ ಇದ್ದರೆ ಈ ಹಳಸಲು, ಪಾಲಿಸ್ಟೈರೀನ್ ಅಲ್ಲ.

ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ನಮ್ಮಲ್ಲಿ ನ್ಯಾನೊಸೆಕೆಂಡ್ ಅಳೆಯುವ ಯಂತ್ರವಿಲ್ಲ. ಸಾಮಾನ್ಯ ಫ್ಲೂರೊಮೀಟರ್‌ನಲ್ಲಿ ಏನು ಮಾಡಬಹುದು?”

ಬಹಳಷ್ಟು ಮಾಡಬಹುದು, ತಾಯಿ. ಎಕ್ಸಿಮರ್ ಮತ್ತು ಒಂಟಿ ಉಂಗುರದ ಬೆಳಕಿನ ಅನುಪಾತ ತೆಗೆದುಕೊಂಡು ದ್ರಾವಕ, ಉಷ್ಣತೆ ಬದಲಿಸುತ್ತಾ ಹೋಗು. ದ್ರಾವಣದ ಹೀರುವಿಕೆ 0.1ರ ಕೆಳಗಿರಲಿ, ಇಲ್ಲದಿದ್ದರೆ ಮುಂದಿನ ಪದರವೇ ಬೆಳಕನ್ನು ನುಂಗಿ ಹಿಂದಿನದಕ್ಕೆ ಏನೂ ಉಳಿಯದು. ಅದೇ ಪಾಲಿಮರನ್ನು ಮೆಥನಾಲ್‌ನಲ್ಲಿ ಎರಡು ಮೂರು ಸಲ ಗಟ್ಟಿಯಾಗಿಸಿ ತೊಳೆದು, ಪ್ರತಿ ಸಲ ಅಳೆದು ನೋಡು. ಉಳಿದ ಸ್ಟೈರೀನ್ ಹೋದಂತೆ ಅಂಕಿಗಳು ಬದಲಾಗುತ್ತಿದ್ದರೆ, ನೀನಿನ್ನೂ ಪಾಲಿಮರನ್ನು ಅಳೆಯಲು ಶುರು ಮಾಡಿಲ್ಲ ಎಂದರ್ಥ. ಮೊದಲ ಸಲ ಎಲ್ಲರಿಗೂ ಹಾಗೆಯೇ ಆಗುತ್ತದೆ.

ಕೊನೆಯ ಪ್ರಶ್ನೆ ವರ್ಸೋವಾದ ಕಡಲತೀರದಲ್ಲಿ ಕಸ ಹೆಕ್ಕಲು ಹೋಗುವ ತರುಣರೊಬ್ಬರದು: ಮರಳಿನಲ್ಲಿರುವ ಪ್ಲಾಸ್ಟಿಕ್ ಕಣಗಳನ್ನು ಈ ಹೊಳಪಿನಿಂದ ಗುರುತಿಸಬಹುದೇ?

ಕಣದ ಸ್ವಂತ ಹೊಳಪಿನಿಂದ ಕಷ್ಟ, ಅದು ದುರ್ಬಲ. ನೈಲ್ ರೆಡ್ ಎಂಬ ಬಣ್ಣ ಹಾಕುತ್ತಾರೆ, ಅದು ಪ್ಲಾಸ್ಟಿಕ್‌ಗೆ ಹತ್ತಿಕೊಂಡು ನೀಲಿ ಬೆಳಕಿನಲ್ಲಿ ಹೊಳೆಯುತ್ತದೆ. ತೊಂದರೆಯೇನೆಂದರೆ ಅದು ಜಿಡ್ಡಿಗೂ, ಪಾಚಿಗೂ, ಮೀನಿನ ಕೊಬ್ಬಿಗೂ ಹತ್ತಿಕೊಳ್ಳುತ್ತದೆ. ಮುಂಬಯಿಯ ತೀರದ ಮರಳಿನಲ್ಲಿ ಇವು ಯಾವುದಕ್ಕೂ ಕೊರತೆಯಿಲ್ಲ. ಅದಕ್ಕಾಗಿ ಮೊದಲು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ ಜೈವಿಕ ಪದಾರ್ಥವನ್ನು ಸುಟ್ಟುಹಾಕಿ, ಉಪ್ಪಿನ ದಟ್ಟ ನೀರಿನಲ್ಲಿ ಕಣಗಳನ್ನು ತೇಲಿಸಿ, ಆಮೇಲೆ ಬಣ್ಣ ಹಾಕಬೇಕು. ಹೊಳೆದ ಕಣಗಳಲ್ಲಿ ಕೆಲವನ್ನಾದರೂ ಅವಕೆಂಪು ಅಥವಾ ರಾಮನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ಇದು ಪಾಲಿಸ್ಟೈರೀನೋ, ಪಾಲಿಎಥಿಲೀನೋ, ಬರೀ ಸೀಗಡಿಯ ಚಿಪ್ಪೋ ಎಂದು ಖಚಿತ ಮಾಡಿಕೊಳ್ಳಿ. ಸಭೆ ಮುಗಿದ ಮೇಲೆ ಬನ್ನಿ, ಉಪ್ಪಿನ ನೀರಿನ ಸಾಂದ್ರತೆ ಎಷ್ಟಿರಬೇಕೆಂದು ಬರೆದು ಕೊಡುತ್ತೇನೆ. ಪಾಲಿಸ್ಟೈರೀನ್‌ಗೆ ಅಡುಗೆ ಉಪ್ಪು ಸಾಕು, ಪಿಇಟಿ ಬಾಟಲಿಯ ಚೂರುಗಳು ಅದರಲ್ಲಿ ತೇಲುವುದಿಲ್ಲ.